ಬದು ದಾಟಿದ ನೇರಳೆ ಮರ

ಮಾವನ ಮೊದಲ ಎಚ್ಚಿಂಗ್ ಚಿತ್ರ ನೋಡಿ ಟಿಟ್ವಾಲಾದ ರೈತನೊಬ್ಬ ಕಣ್ಣೀರು ಹಾಕಿದನೆಂದು ನಮ್ಮ ಮನೆಯವರು ಹೇಳುತ್ತಾರೆ. ಇದಕ್ಕೆ ನನ್ನ ಆಕ್ಷೇಪವಿದೆ. ಅಂದು ಜೊತೆಗಿದ್ದವಳು ನಾನು. ಕಣ್ಣೀರು ಕಾಣಲಿಲ್ಲ, ಬೈಗುಳವಂತೂ ಚೆನ್ನಾಗಿ ಕೇಳಿಸಿತು.

ಭಾನುವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಕಸಾರಾ ಲೋಕಲ್ ಹತ್ತಿದೆವು. ಮಾವ ಹೋಟೆಲುಗಳಿಗೆ ಬೋರ್ಡು ಬರೆಯುವವರು, ಬಿಡುವಿನಲ್ಲಿ ಹಳ್ಳಿಯ ಚಿತ್ರ ಬಿಡಿಸುವವರು. ಆ ವರ್ಷ ಎಚ್ಚಿಂಗ್ ಹುಚ್ಚು ಹತ್ತಿತ್ತು: ಸತುವಿನ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಅದ್ದಿ, ಗೀರಿನೊಳಗೆ ಮಸಿ ತುಂಬಿ ಕಾಗದಕ್ಕೆ ಒತ್ತುವುದು. ಸಾನಪಾಡಾದ ಗೆಳೆಯರ ಪ್ರೆಸ್ಸಿನಲ್ಲಿ ಮೊದಲ ತಗಡು ಬರೀ ಕಪ್ಪು ಕೊಟ್ಟಿತು, ಎರಡನೆಯದು ಬರೀ ಬಿಳಿ. ಮೂರನೆಯದನ್ನು ಸಖಾರಾಮನೆಂಬ ರೈತನ ಗದ್ದೆಯೆದುರೇ ಕೂತು ಗೀರಿದ್ದರು. ಅದರ ಎರಡು ಪ್ರತಿಗಳು ಈಗ ಚೀಲದಲ್ಲಿದ್ದವು.

"ಗದ್ದೆಯ ಯಜಮಾನನಿಗೇ ಗುರುತು ಸಿಗದಿದ್ರೆ ಇದನ್ನು ಬಿಟ್ಟೇಬಿಡುವುದು ಮಾರಾಯ್ತಿ. ನನಗೆ ಬೋರ್ಡೇ ಸೈ."

"ಒಬ್ಬನ ಸಾಕ್ಷಿಯಿಂದ ಏನು ಸಾಬೀತಾಗ್ತದೆ ಮಾವ?"

"ನಿನ್ನ ಡಿಬೇಟನ್ನು ಕಾಲೇಜಲ್ಲಿ ಇಟ್ಕೊ!"

ಟಿಟ್ವಾಲಾದಿಂದ ಶೇರ್ ರಿಕ್ಷಾ, ತಲೆಗೆ ಹತ್ತು ರೂಪಾಯಿ. ಮಳೆ ಬಿಟ್ಟಿತ್ತು, ಭತ್ತ ಮೊಣಕಾಲುದ್ದ ಬೆಳೆದಿತ್ತು. ಸಖಾರಾಮ ಚಿತ್ರವನ್ನು ದೂರ ಹಿಡಿದ, ಹತ್ತಿರ ಹಿಡಿದ. ಮಾವ ಚೀಲದ ಹಿಡಿಕೆ ತಿರುಚುತ್ತ ನಿಂತರು.

"ಅರೇ ಪೇಂಟರ್, ಹೇ ಕಾಯ್ ಕೇಲಸ್!" ಇದೇನು ಮಾಡಿಟ್ಟೆ ಎಂದು ಅವನು ಮರಾಠಿಯಲ್ಲಿ ಗದರಿದ. "ನನ್ನ ನೇರಳೆ ಮರವನ್ನು ತಮ್ಮನ ಗದ್ದೆಗೆ ಕೊಟ್ಟುಬಿಟ್ಟೆಯಾ? ಅವನು ಈ ಕಾಗದ ಹಿಡಿದುಕೊಂಡೇ ಮರ ತನ್ನದು ಅಂತಾನೆ!"

ಎದುರಿಗೆ ನೋಡಿದೆ. ನಡುವೆ ಬದು, ಎಡಕ್ಕೆ ಸಖಾರಾಮನ ಗದ್ದೆ, ಬಲಕ್ಕೆ ತಮ್ಮನದು. ಮರವಿದ್ದದ್ದು ಎಡಕ್ಕೆ; ಚಿತ್ರದಲ್ಲಿ ಬಲಕ್ಕೆ. ಒತ್ತಿದಾಗ ಎಡಬಲ ಅದಲುಬದಲಾಗಿತ್ತು.

ಮಾವ ಮಾತ್ರ ನಗತೊಡಗಿದರು. "ಗುರುತು ಸಿಕ್ಕಿತಲ್ಲ! ಮರದ ಸಮೇತ ಸಿಕ್ಕಿತು!"

"ನನ್ನ ಮರ ಹೋಯಿತು, ಇವನಿಗೆ ನಗು!"

ಅಲ್ಲೇ ನಿಂತಿದ್ದ ಸಖಾರಾಮನ ಬೈಕಿನ ಕನ್ನಡಿಗೆ ಚಿತ್ರ ಹಿಡಿದೆ. ಮರ ಅವನ ಗದ್ದೆಗೆ ಮರಳಿತು. ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ. "ಹಾಗಾದರೆ ಕನ್ನಡಿಯೆದುರೇ ತೂಗುಹಾಕುತ್ತೇನೆ. ತಮ್ಮ ಬಂದರೆ ಕನ್ನಡಿ ಮಾತ್ರ ತೋರಿಸೋದು." ಆಮೇಲೆ ಭಾಕರಿ ತಿನ್ನಿಸಿಯೇ ಕಳುಹಿಸಿದ.

ಹಿಂದಿರುಗುವಾಗ ಕಿಟಕಿಯ ಸೀಟು ಸಿಕ್ಕಿತು. ಮಾವ ಆಗಲೇ ನಾಲ್ಕನೆಯ ತಗಡಿನ ಮಾತು ಶುರುಮಾಡಿದ್ದರು. ನನಗೂ ಮನಸ್ಸು ಹಗುರಾಗಿತ್ತು, ಸುಳ್ಳೇಕೆ. ಉಳಿದ ಪ್ರತಿಯನ್ನು ಸುಮ್ಮನೆ ಬಿಚ್ಚಿ ನೋಡಿದೆ.

"ಮಾವ, ಮೂಲೆಯಲ್ಲಿ ನಿಮ್ಮ ಹೆಸರು ಸರಿಯಾಗಿಯೇ ಬಂದಿದೆಯಲ್ಲ? ಅಂದರೆ ತಗಡಿನಲ್ಲಿ ಉಲ್ಟಾ ಬರೆದಿರಿ. ಹೆಸರನ್ನು ತಿರುಗಿಸಿದವರು ಮರವನ್ನು ಯಾಕೆ ತಿರುಗಿಸಲಿಲ್ಲ?"