ಏಳನೆಯ ಊಟ

ಕ್ಯಾರಿಯರ್ ಅಕ್ಕ ಹನ್ನೊಂದು ವರ್ಷಗಳಿಂದ ಪೊಲೀಸರಿಗೆ ಊಟ ಹಾಕುತ್ತಿದ್ದಳು. ಬೆಟ್ಟದ ಬುಡದ ಔಟ್‌ಪೋಸ್ಟಿನಲ್ಲಿ ಇದ್ದವರು ಆರೇ ಜನ. ಮಧ್ಯಾಹ್ನದ ಊಟ ಮಾತ್ರ ಅವಳದು. ಮೂರು ಗಂಟೆಗೆ ಅವಳು ಖಾಲಿ ಕ್ಯಾರಿಯರುಗಳನ್ನು ತರಲು ಹೋದಾಗ ಹಿರಿಯ ಪೇದೆ ಮಾರನೆಯ ದಿನದ ಚೀಟಿಯನ್ನು ಕೈಗಿಡುತ್ತಿದ್ದ. ಚೀಟಿಯಲ್ಲಿ ಇರುತ್ತಿದ್ದದ್ದು ಒಂದೇ ಅಂಕಿ. ಆರು. ಯಾರಾದರೂ ರಜೆ ಹಾಕಿದ್ದರೆ ಐದು, ಮೇಲಿನ ಸಾಹೇಬರು ಯಾರಾದರೂ ಬರುವವರಿದ್ದರೆ ಏಳೋ ಎಂಟೋ.

ಅವಳಿಗೊಂದು ಹೆಮ್ಮೆಯಿತ್ತು. ತಾನು ಮಾಡಿದ ಅಡುಗೆ ಒಂದು ಹಿಡಿ ಉಳಿಯಬಾರದು, ಒಬ್ಬರಿಗೆ ಒಂದು ತುತ್ತು ಕಡಿಮೆಯೂ ಆಗಬಾರದು. ಅದಕ್ಕೇ ಮನೆಯಲ್ಲಿ ದಿನಸಿ ಕೂಡಿಡುತ್ತಿರಲಿಲ್ಲ. ಮನೆಯೆಂದರೆ ತಗಡಿನ ಮಾಡಿನ ಎರಡು ಕೋಣೆ, ಆ ಎರಡರಲ್ಲೂ ಇಲಿಗಳದ್ದೇ ದರ್ಬಾರು. ಸಂಜೆ ಚೀಟಿ ಹಿಡಿದು ಅಂಗಡಿಗೆ ಹೋಗುವುದು, ಅಷ್ಟು ಜನಕ್ಕೂ ತನಗೂ ಎಷ್ಟು ಬೇಕೋ ಅಷ್ಟೇ ಅಕ್ಕಿ, ಬೇಳೆ, ಈರುಳ್ಳಿ ತರುವುದು. ಆರು ಜನವಾದರೆ ಅಕ್ಕಿ ಒಂದೂವರೆ ಕಿಲೋ. ಕ್ಯಾರಿಯರ್ ಕೊಡುವಾಗ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳುತ್ತಿದ್ದಳು: “ಉಪ್ಪು ಸರಿಯಾಗಿದೆಯಾ?” ಸರಿಯಿಲ್ಲ ಎಂದು ಹೇಳುವ ಧೈರ್ಯ ಪಿಸ್ತೂಲು ಕಟ್ಟಿಕೊಂಡವರಿಗೂ ಇರಲಿಲ್ಲ.

ಗಂಡ ಲಾರಿ ಓಡಿಸುತ್ತಿದ್ದ. ಓಡಿಸುತ್ತ ಓಡಿಸುತ್ತ ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ ಮಾಡಿಕೊಂಡ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಅವನಿಗೆ ಮಾಡುವ ಮರ್ಯಾದೆಯಾದೀತು. ಅವಳಿಗೆ ಉಳಿದವನು ತಮ್ಮನೊಬ್ಬನೇ. ತಾಯಿ ಸತ್ತಾಗ ಅವನಿಗೆ ಏಳು ವರ್ಷ, ಅವಳಿಗೆ ಹತ್ತೊಂಬತ್ತು. ಮೂಗು ಒರೆಸಿ, ಬೈದು, ಹೊಡೆದು, ಆಮೇಲೆ ತಾನೇ ಅತ್ತು ಅವನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವನು ನೀರಿನ ಪಂಪು ರಿಪೇರಿ ಮಾಡುತ್ತಿದ್ದ. ವರ್ಷದಿಂದೀಚೆಗೆ ವಾರದಲ್ಲಿ ನಾಲ್ಕೈದು ದಿನ ಹೆಗಲಿಗೆ ಪೈಪಿನ ಸುರುಳಿ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದ.

ಬೆಟ್ಟದ ಮೇಲೆ ಏನು ಬೆಳೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗಾಂಜಾ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಸೊಪ್ಪು’ ಎನ್ನುತ್ತಿದ್ದರು, ಹಿತ್ತಲಲ್ಲಿ ಬೆಳೆದ ಕೊತ್ತಂಬರಿಯ ವಿಷಯ ಮಾತಾಡುವ ಹಾಗೆ. ಮರಗಳ ನಡುವೆ ಅಲ್ಲಲ್ಲಿ ಮಡಿ ಮಾಡಿ, ತೊರೆಯಿಂದ ಪಂಪಿನಲ್ಲಿ ನೀರು ಹಾಯಿಸಿ ಬೆಳೆಸುತ್ತಿದ್ದರು. ತಮ್ಮ “ಹಣ್ಣಿನ ತೋಟಕ್ಕೆ ಪೈಪ್ ಹಾಕ್ತಿದ್ದೀನಿ” ಎಂದಿದ್ದ. ಅಕ್ಕ ನಂಬಿದವಳಂತೆ ತಲೆಯಾಡಿಸಿದ್ದಳು. ಒಂದೇ ಒಂದು ಹಣ್ಣು ಮನೆಗೆ ಬರಲಿಲ್ಲ. ಅವಳೂ ಕೇಳಲಿಲ್ಲ.

ಹೀಗಿರುವಾಗ ಔಟ್‌ಪೋಸ್ಟಿಗೆ ಹಳೆಯವರ ಜಾಗಕ್ಕೆ ಹೊಸ ಸಾಹೇಬರು ಬಂದರು. ದನಿ ಏರಿಸದ, ತಟ್ಟೆಯಲ್ಲಿ ಒಂದು ಅಗುಳು ಬಿಡದ ಮನುಷ್ಯ. ಅವರು ಬಂದ ತಿಂಗಳಲ್ಲೇ ಚೀಟಿಯಲ್ಲಿ ಇಪ್ಪತ್ತೆರಡು ಎಂದು ಬಂತು. ಕ್ಯಾರಿಯರ್ ಅಕ್ಕ ಐದು ಕಿಲೋ ಅಕ್ಕಿ, ದೊಡ್ಡ ಚೀಲದ ತುಂಬ ತರಕಾರಿ ತಂದಳು. ಮಾರನೆಯ ದಿನ ಬೆಳಿಗ್ಗೆ ಪಟ್ಟಣದಿಂದ ಬಂದ ಪೊಲೀಸರೆಲ್ಲ ಸೇರಿ ಬೆಟ್ಟ ಹತ್ತಿದರು. ಅಲ್ಲಿ ಸಿಕ್ಕಿದ್ದು ಗಿಡ ಕಿತ್ತ ಗುಂಡಿಗಳು, ಹಸಿ ಮಣ್ಣು. ಮೂರು ವಾರ ಬಿಟ್ಟು ಮತ್ತೆ ಇಪ್ಪತ್ತು ಎಂದು ಚೀಟಿ ಬಂತು. ಆಗ ಸಿಕ್ಕಿದ್ದು ಇನ್ನೂ ಬೆಚ್ಚಗಿದ್ದ ಬೂದಿ ಮತ್ತು ಒಂದು ಹರಕು ಚಪ್ಪಲಿ. ಹಿಂತಿರುಗಿದವರು ಯಾರ ಮುಖವನ್ನೂ ನೋಡದೆ ಉಂಡರು. ಉಪ್ಪಿನ ವಿಷಯ ಕೇಳಲು ಅವಳಿಗೂ ಬಾಯಿ ಬರಲಿಲ್ಲ.

ಆ ವಾರ ತಮ್ಮ ಮನೆಗೆ ಬಂದಾಗ ಅವಳು ಬಾಗಿಲು ಹಾಕಿ ಕೇಳಿದಳು. “ಪೊಲೀಸರು ಬರೋದು ನಿಮಗೆ ಹೇಗೋ ಗೊತ್ತಾಗುತ್ತೆ?”

ತಮ್ಮ ನಕ್ಕುಬಿಟ್ಟ. “ನಿನ್ನಿಂದಾನೇ ಅಕ್ಕ. ನಿನ್ನ ಚೀಲ ಊದಿಕೊಂಡ್ರೆ ಅಂಗಡಿಯವನ ಬೈಕು ಬೆಟ್ಟ ಹತ್ತುತ್ತೆ. ಚೀಲ ಸಣ್ಣದಿದ್ರೆ ನಾವು ಹಾಯಾಗಿ ನಿದ್ದೆ ಮಾಡ್ತೀವಿ.”

ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು, ಪೊಲೀಸರ ಒಂದೇ ಒಂದು ಮಾತು ಹೊರಗೆ ಹೋಗದಂತೆ ಬಾಳಿದವಳು ಅವಳು. ಬಾಯಿ ಮುಚ್ಚಿಕೊಂಡಿದ್ದಾಗ ಚೀಲ ಊರಿಗೆಲ್ಲ ಹೇಳಿಕೊಂಡು ಬರುತ್ತಿತ್ತು.

“ಆ ಕೆಲಸ ಬಿಟ್ಟುಬಿಡೋ,” ಎಂದಳು.

“ಬಿಡೋಕಾಗಲ್ಲ ಅಕ್ಕ. ಯಾವ ಮಡಿ ಎಲ್ಲಿದೆ ಅಂತ ನನಗೆ ಗೊತ್ತು. ಗೊತ್ತಿರೋನನ್ನ ಗುತ್ತಿಗೆದಾರ ಸುಮ್ಮನೆ ಮನೆಗೆ ಕಳಿಸ್ತಾನಾ? ಈ ಬೆಳೆ ಮುಗೀಲಿ.” ಹೇಳುವಾಗ ಅವನು ನಗುತ್ತಿರಲಿಲ್ಲ.

ಗುತ್ತಿಗೆದಾರ ಎಂದರೆ ಬೆಟ್ಟದ ಬೆಳೆಯ ಯಜಮಾನ. ಎರಡು ದಿನ ಬಿಟ್ಟು ಅವನೇ ಅವಳ ಮನೆಗೆ ಬಂದ. ಹಗಲು ಹನ್ನೊಂದು ಗಂಟೆ, ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅವನ ಆಳು ಒಂದು ಹೊಸ ಹಂಡೆಯನ್ನು ತಂದು ಜಗಲಿಯ ಮೇಲಿಟ್ಟ. ಮೂವತ್ತು ಜನಕ್ಕೆ ಅನ್ನ ಮಾಡಬಹುದಾದ ಹಂಡೆ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು.

“ದೊಡ್ಡ ಅಡುಗೆಗೆ ಪಾತ್ರೆ ಸಾಲ್ದು ಅಂತ ಕೇಳ್ದೆ,” ಎಂದ ಗುತ್ತಿಗೆದಾರ. “ತಮ್ಮ ಚೆನ್ನಾಗಿದ್ದಾನೆ, ಚೆನ್ನಾಗೇ ಇರ್ತಾನೆ. ನೀವು ಹೇಗೆ ಮಾಡ್ತಿದ್ದೀರೋ ಹಾಗೇ ಮಾಡ್ಕೊಂಡಿರಿ ಅಕ್ಕ. ಏನೂ ಬದಲಾಯಿಸ್ಬೇಡಿ.”

ಅವನು ಹೋದ ಮೇಲೆ ಹಂಡೆಯನ್ನು ಮಂಚದ ಕೆಳಗೆ ತಳ್ಳಿ, ಮೇಲೊಂದು ಹಳೆಯ ಕಂಬಳಿ ಹೊದಿಸಿದಳು. ಅಂದಿನಿಂದ ಆ ಮಂಚದ ಮೇಲೆ ಮಲಗುವುದೇ ಕಷ್ಟವಾಯಿತು. ಬೇಳೆ ಅಂದು ತಳ ಹಿಡಿದಿತ್ತು. ಪೇದೆಗಳು ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೀದ ಬೇಳೆ ತಿಂದರು.

ಮಾರನೆಯ ದಿನ ಸಾಹೇಬರು ಅವಳನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ಅಕ್ಕಿ ಎಲ್ಲಿ ತರ್ತೀರಿ ಅಕ್ಕ?”

“ಮೂಲೆ ಅಂಗಡೀಲಿ ಸಾರ್.”

“ದಿನಾ?”

“ದಿನಾ ಸಾರ್. ಮನೆ ತುಂಬ ಇಲಿ.”

“ನೀವು ಯಾರಿಗೂ ಏನೂ ಹೇಳಿಲ್ಲ ಅಂತ ನಂಗೊತ್ತು,” ಎಂದರು. “ತಮ್ಮ ಏನ್ ಮಾಡ್ಕೊಂಡಿದ್ದಾರೆ?”

“ಪಂಪ್ ರಿಪೇರಿ ಸಾರ್.”

“ಒಳ್ಳೆ ಕೆಲಸ,” ಎಂದು ಸಾಹೇಬರು ಕಾಗದದ ಕಡೆ ತಿರುಗಿದರು. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಕ್ಯಾರಿಯರ್ ಕೆಳಗಿಟ್ಟು ಸುಧಾರಿಸಿಕೊಂಡಳು. ಒಂದು ಕಡೆ ಹಂಡೆ, ಇನ್ನೊಂದು ಕಡೆ ಆ ಮೆತ್ತಗಿನ ಮಾತು. ನಡುವೆ ತಮ್ಮ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಮೂರು ಗಂಟೆಗೆ ಅವಳು ಹೋದಾಗ ಚೀಟಿ ಕೊಟ್ಟವರು ಹಿರಿಯ ಪೇದೆಯಲ್ಲ, ಸಾಹೇಬರೇ. ಚೀಟಿಯಲ್ಲಿ ಆರು ಎಂದಿತ್ತು. ಅವಳಿಗೆ ಜೀವ ಬಂದಂತಾಯಿತು. ತಮ್ಮ ಹಿಂದಿನ ದಿನವಷ್ಟೇ ಬೆಟ್ಟ ಹತ್ತಿದ್ದ, ನಾಲ್ಕು ದಿನ ಇಳಿಯುವುದಿಲ್ಲ ಎಂದಿದ್ದ.

ಹಿಂಬದಿಯ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯುವಾಗ ಉಗ್ರಾಣದ ಕಿಟಕಿ ಅರ್ಧ ತೆರೆದಿತ್ತು. ಮಾಮೂಲಾಗಿ ಅಲ್ಲಿ ಹಳೆಯ ಕಡತಗಳು ಇರುತ್ತಿದ್ದವು. ಇಂದು ಬ್ರೆಡ್ಡಿನ ಪೊಟ್ಟಣಗಳು, ಬಾಳೆಹಣ್ಣಿನ ಗೊನೆ, ನೀರಿನ ಬಾಟಲಿಗಳ ಪೆಟ್ಟಿಗೆ. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ, ಬಿದ್ದರೂ ಏನೂ ಅನ್ನಿಸುತ್ತಿರಲಿಲ್ಲ. ಅಡುಗೆಯವಳ ಕಣ್ಣು ಮಾತ್ರ ತಾನಾಗಿಯೇ ಎಣಿಸಿತು. ಇಪ್ಪತ್ತೈದು ಜನಕ್ಕೆ ಒಂದು ಹೊತ್ತಿಗೆ ಸರಿಯಾಗಿ ಆಗುವಷ್ಟಿತ್ತು. ಆ ಔಟ್‌ಪೋಸ್ಟಿನೊಳಗೆ ತಾನು ಮಾಡದ ಮಧ್ಯಾಹ್ನದ ಊಟ ಬಂದದ್ದು ಅದೇ ಮೊದಲು.

ನಾಳೆ ದಾಳಿ. ಚೀಟಿಯ ಆರು ಎಂಬುದು ಬರೀ ಸುಳ್ಳು, ಅಂಗಡಿಯವನಿಗೆ ತೋರಿಸಲು ತನ್ನ ಕೈಗೆ ಕೊಟ್ಟ ಸುಳ್ಳು.

“ಏನ್ ನೋಡ್ತಿದ್ದೀರಿ?” ಸಾಹೇಬರು ಹಿಂದೆಯೇ ನಿಂತಿದ್ದರು.

“ಇಲಿ ಹೋದ ಹಾಗಾಯ್ತು ಸಾರ್.”

“ಇರಬಹುದು.” ಸಾಹೇಬರು ಹೋಗಿ ಕಿಟಕಿ ಎಳೆದು ಮುಚ್ಚಿದರು. “ಅಂಗಡಿಗೆ ಹೊರಟ್ರಾ? ಹೋಗಿ ಬನ್ನಿ.”

ಅವಳು ಹೊರಟಳು. ಅವಳಿಗಿಂತ ಮೊದಲೇ ಹಿರಿಯ ಪೇದೆ ಮಫ್ತಿಯಲ್ಲಿ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಹನ್ನೊಂದು ವರ್ಷ ಅವಳ ಕೈಯ ಅನ್ನ ತಿಂದವನು ಅವಳನ್ನು ಗುರುತಿಲ್ಲದವನಂತೆ ರಸ್ತೆ ನೋಡುತ್ತಿದ್ದ.

ಅಂಗಡಿಯವನು ಅಕ್ಕಿಯ ಮೂಟೆಗೆ ಮೊಗೆ ಇಳಿಸಿ ಕೇಳಿದ. “ಎಷ್ಟು ಹಾಕ್ಲಿ ಅಕ್ಕ?”

ಐದು ಎಂದರೆ ಸಾಕು. ಒಂದೇ ಪದ. ಬೈಕು ಬೆಟ್ಟ ಹತ್ತುತ್ತದೆ, ತಮ್ಮ ಇನ್ನೊಂದು ಮಗ್ಗುಲಿನಿಂದ ಇಳಿದು ಹೋಗುತ್ತಾನೆ. ಅವಳನ್ನು ಮಾತ್ರ ಇಲ್ಲಿಂದಲೇ ಎಬ್ಬಿಸಿಕೊಂಡು ಹೋಗುತ್ತಾರೆ. ಪದ ಗಂಟಲಿನವರೆಗೂ ಬಂದಿತ್ತು. ಬೆಂಚಿನ ಮೇಲೆ ಟೀ ಲೋಟ ಇಟ್ಟ ಸದ್ದಾಯಿತು, ಅಷ್ಟೇ.

“ಒಂದೂವರೆ,” ಎಂದಳು.

“ಅಷ್ಟೇನಾ?”

“ಅಷ್ಟೇ.”

ಚೀಲ ಹಿಡಿದು ಹೊರಟಾಗ ಅವಳಿಗೆ ಮೊದಲು ಆದದ್ದು ಸಮಾಧಾನ. ಪಾರಾದೆ ಎಂಬ ಸಮಾಧಾನ. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವುದು ಬೇಡ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೆಟ್ಟದ ಮೇಲೆ ಫೋನು ಸಿಗುವುದಿಲ್ಲ. ಕಾಲುದಾರಿಯಲ್ಲಿ ನಾಲ್ಕು ಗಂಟೆಯ ಹತ್ತುವಿಕೆ. ಮನೆಯ ಎದುರು ಇನ್ನೊಬ್ಬ ಪೇದೆ ಕೆಡದ ಬೈಕನ್ನು ರಿಪೇರಿ ಮಾಡುತ್ತ ಕೂತಿದ್ದ. ಹಿತ್ತಲ ಬಾಗಿಲಿನಿಂದ ಹೋಗಬಹುದಿತ್ತು. ಚಪ್ಪಲಿ ಕೂಡ ಮೆಟ್ಟಿದಳು. ಮೆಟ್ಟಿಕೊಂಡು ಬಾಗಿಲಿನವರೆಗೆ ಹೋಗಿ, ಹಿಂದಕ್ಕೆ ಬಂದು, ಹಂಡೆಯಿದ್ದ ಮಂಚದ ಮೇಲೆ ಕೂತಳು. ಹೊರಗಿನವನು ತಡೆದದ್ದಕ್ಕಿಂತ ಒಳಗಿನ ಭಯವೇ ಅವಳನ್ನು ಹೆಚ್ಚು ತಡೆಯಿತು.

ಬೆಳಿಗ್ಗೆ ಯಾವತ್ತಿನಂತೆ ಅಡುಗೆಗಿಟ್ಟಳು. ಬೆಟ್ಟದ ಕಡೆ ಮೈಯೆಲ್ಲ ಕಿವಿಯಾಗಿಸಿ ಈರುಳ್ಳಿ ಹೆಚ್ಚಿದಳು. ಏನೂ ಕೇಳಿಸಲಿಲ್ಲ. ಯಾರೂ ಸಿಗಲಿಲ್ಲವೇನೋ ಎಂದುಕೊಂಡಳು, ಆ ಆಸೆಯಲ್ಲೇ ಅನ್ನ ಬಸಿದಳು. ಹನ್ನೆರಡಕ್ಕೆ ಹಿರಿಯ ಪೇದೆ ಬಾಗಿಲಿಗೆ ಬಂದ. ಸಮವಸ್ತ್ರದ ತುಂಬ ಮುಳ್ಳು, ಮಣ್ಣು.

“ಅಕ್ಕ, ಇವತ್ತು ಒಂದು ಊಟ ಜಾಸ್ತಿ ಬೇಕು,” ಎಂದ, ನೆಲ ನೋಡುತ್ತ.

ಜಾಸ್ತಿ ಊಟ ಅವಳ ಪಾತ್ರೆಯಲ್ಲಿ ಎಂದಾದರೂ ಇತ್ತೇ? ತನ್ನ ಪಾಲನ್ನು ಏಳನೆಯ ಡಬ್ಬಿಗೆ ತುಂಬಿದಳು.

ಔಟ್‌ಪೋಸ್ಟಿನ ಲಾಕಪ್ಪಿನಲ್ಲಿ ವರ್ಷಗಳಿಂದ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ಅವಳು ಗೇಟಿನೊಳಗೆ ಕಾಲಿಟ್ಟಾಗ ಆ ಕುರ್ಚಿಗಳೆಲ್ಲ ವರಾಂಡದಲ್ಲಿ ರಾಶಿ ಬಿದ್ದಿದ್ದವು. ಇನ್ನು ಯಾರನ್ನೂ ಏನೂ ಕೇಳುವುದು ಉಳಿದಿರಲಿಲ್ಲ.

ತಮ್ಮ ಗೋಡೆಗೆ ಒರಗಿ ಕೂತಿದ್ದ. ತಲೆಗೂದಲಲ್ಲಿ ಒಣಗಿದ ಎಲೆ, ಕಾಲಲ್ಲಿ ಒಂದೇ ಚಪ್ಪಲಿ. ಅಕ್ಕನನ್ನು ಕಂಡು ಎದ್ದು ಸರಳಿನ ಹತ್ತಿರ ಬಂದ. ಚಿಕ್ಕಂದಿನಲ್ಲಿ ಗಾಜು ಒಡೆದು ಬಂದಾಗ ಮಾಡುತ್ತಿದ್ದ ಮುಖವೇ ಈಗಲೂ ಇತ್ತು. ಸಾಹೇಬರು ಮೇಜಿನ ಮೇಲೆ ಬರೆಯುತ್ತಿದ್ದರು, ತಲೆಯೆತ್ತಲಿಲ್ಲ.

ಅವಳು ಡಬ್ಬಿಯನ್ನು ಸರಳಿನ ಕೆಳಗಿನಿಂದ ತಳ್ಳಿದಳು.

“ಹೆದರ್ಕೋಬೇಡ ಅಕ್ಕ,” ಎಂದ ತಮ್ಮ, ಪಿಸುದನಿಯಲ್ಲಿ. “ನಿಂದೇನೂ ತಪ್ಪಿಲ್ಲ. ನಿನ್ನೆ ಕೆಳಗಡೆ ಪೊಲೀಸರ ಓಡಾಟ ಜಾಸ್ತಿ ಇದೆ ಅಂತ ಉಳಿದೋರು ಸಂಜೇನೇ ಎದ್ದು ಹೋದ್ರು. ನನ್ನೂ ಕರೆದ್ರು. ಅಂಗಡಿಯವನ ಬೈಕು ಬಂದಿರಲಿಲ್ಲ, ಅಂದ್ರೆ ಚೀಲ ಸಣ್ಣದು. ನಮ್ಮಕ್ಕನ ಚೀಲ ಯಾವತ್ತೂ ಸುಳ್ಳು ಹೇಳಲ್ಲ, ಹೋಗ್ರೋ ಅಂತ ಹೇಳಿ ನಾನು ಮಲಕ್ಕೊಂಡೆ.”

ಅವಳು ಸರಳು ಹಿಡಿದುಕೊಂಡು ನಿಂತಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಸಾಹೇಬರಿಗೆ ಕೇಳುತ್ತದೆ ಎಂಬುದು ಅವಳ ಹೆದರಿಕೆಯಲ್ಲ. ತಮ್ಮನಿಗೆ ಕೇಳುತ್ತದೆ ಎಂಬುದೇ ಹೆದರಿಕೆ.

ತಮ್ಮ ಡಬ್ಬಿ ತೆರೆದು ಒಂದು ತುತ್ತು ಬಾಯಿಗಿಟ್ಟ.

“ಉಪ್ಪು ಸರಿಯಾಗಿದೆಯಾ?” ಎಂದಳು.

“ಸರಿಯಾಗಿದೆ ಅಕ್ಕ.”

ಮೂರು ಗಂಟೆಗೆ ಹಿರಿಯ ಪೇದೆ ಚೀಟಿ ಕೊಟ್ಟ. ಏಳು ಎಂದು ಬರೆದಿತ್ತು. ಅವಳು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಡಿಯವನು ಇಂದು ಏನು ಕೇಳುತ್ತಾನೋ ಎಂದು ಹೆದರುತ್ತಲೇ ಮೂಲೆಯ ಕಡೆಗೆ ನಡೆದಳು.