ಡುಲ್ಸಿನ್ ಟೀಚರ್ ಇಳಿಸದ ಶ್ರುತಿ

ಡುಲ್ಸಿನ್ ಮತಾಯಸ್ ಕ್ರೂರಿ. ಹೊರಗೆ ಒರಟು, ಒಳಗೆ ಮೃದು, ಬೈಯುವುದೆಲ್ಲ ಮಕ್ಕಳ ಒಳ್ಳೆಯದಕ್ಕೆ ಎಂದು ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳುವ ಮಾತು ಅವಳಿಗೆ ಹೊಂದುವುದಿಲ್ಲ. ಮಗುವೊಂದು ಅಳುವುದನ್ನು ನೋಡುತ್ತಾ ಅವಳು ಚಹಾ ಕುಡಿಯಬಲ್ಲಳು. ಉಡುಪಿಯ ಕಾಲೇಜಿನಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಆಗಲೂ ಹೀಗೆಯೇ ಇದ್ದಳು. ತರಗತಿಯಲ್ಲಿ ಯಾರಾದರೂ ತಪ್ಪು ಓದಿದರೆ ಮೊದಲು ನಗುತ್ತಿದ್ದವಳು ಅವಳೇ.

ಕಾಪುವಿನ ಸಮೀಪದ ಒಂದು ಅನುದಾನಿತ ಶಾಲೆಯಲ್ಲಿ ಅವಳು ಸಂಗೀತದ ಟೀಚರ್. ಆರು, ಏಳು, ಎಂಟನೆಯ ತರಗತಿಯ ಮಕ್ಕಳ ವೃಂದಗಾನ ಅವಳ ಜವಾಬ್ದಾರಿ. ವೃಂದಕ್ಕೆ ಸೇರಿದ ಮಗುವಿಗೆ ಎದೆಯ ಮೇಲೆ ನೀಲಿ ರಿಬ್ಬನ್. ಕಾರ್ಕಳದಲ್ಲಿ ಪ್ರತಿ ಡಿಸೆಂಬರಿನಲ್ಲಿ ನಡೆಯುವ ಶಾಲಾ ವೃಂದಗಾನ ಸ್ಪರ್ಧೆಯ ಕಪ್ ಎಷ್ಟೋ ವರ್ಷಗಳಿಂದ ಆ ಶಾಲೆಯ ಕಪಾಟಿನಲ್ಲೇ ಇದೆ. ಆದ್ದರಿಂದ ಅವಳ ಬಗ್ಗೆ ಬಂದ ದೂರುಗಳೂ ಅದೇ ಕಪಾಟಿನ ಹಿಂದೆ ಬಿದ್ದಿವೆ.

ಅವಳ ಮನೆ ಶಂಕರಪುರದಲ್ಲಿ. ಮದುವೆಯಾಗಲಿಲ್ಲ. ಮನೆಯ ಸುತ್ತ ಮಲ್ಲಿಗೆ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ನೆರೆಯ ಇಮೆಲ್ಡಾಳಿಗೆ ಕಟ್ಟಲು ಕೊಟ್ಟು, ಶಾಲೆಗೆ ಹೊರಡುತ್ತಾಳೆ. ಮೊಗ್ಗಾಗಿರುವಾಗಲೇ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಮಾರುವ ಹೂವು ಅದು. ಗಿಡದಲ್ಲೇ ಅರಳಿದ್ದನ್ನು ಯಾರೂ ಕೊಳ್ಳುವುದಿಲ್ಲ, ಬುಡಕ್ಕೆ ಎಸೆಯುತ್ತಾರೆ. ಈ ಕೆಲಸದಿಂದ ಅವಳು ಒಂದು ಬೈಗುಳವನ್ನು ಮಾಡಿಕೊಂಡಿದ್ದಳು. ಹನ್ನೆರಡು ಹದಿಮೂರರ ಹುಡುಗರ ಸ್ವರ ಒಡೆಯುತ್ತದೆ. ನಿನ್ನೆ ಕೊಳಲಿನಂತಿದ್ದುದು ಇವತ್ತು ಬಿರುಕು ಬಿಟ್ಟ ಬಿದಿರಾಗುತ್ತದೆ. ಅದು ಆ ಹುಡುಗನ ತಪ್ಪಲ್ಲ. ಡುಲ್ಸಿನ್ ಮಾತ್ರ ಅದನ್ನು ಕಳವು ಸಿಕ್ಕಿಬಿದ್ದಂತೆ ನೋಡುತ್ತಿದ್ದಳು. "ಅರಳಿದ್ದು ಅಟ್ಟೆಗೆ ಬೇಡ," ಎನ್ನುತ್ತಿದ್ದಳು. ಆ ಹುಡುಗ ತನ್ನ ರಿಬ್ಬನನ್ನು ತಾನೇ ಬಿಚ್ಚಿ, ತನ್ನ ಜಾಗಕ್ಕೆ ಬರುವ ಮಗುವಿನ ಎದೆಗೆ ತನ್ನ ಕೈಯಿಂದಲೇ ಸಿಕ್ಕಿಸಬೇಕು. ಎಲ್ಲರೂ ನೋಡುತ್ತಿರಬೇಕು. ಅನಂತರ ಅವನ ಕೆಲಸ ಬೆಂಚು ಹೊರುವುದು.

ಯಾರ ಸ್ವರ ಒಡೆದಿದೆ ಎಂದು ಕಂಡುಹಿಡಿಯಲು ಸೋಮವಾರದ ಪರೀಕ್ಷೆ. ಅವಳು ಮಕ್ಕಳಿಗೆ ಬೆನ್ನು ಹಾಕಿ ಕೀಬೋರ್ಡಿನ ಮುಂದೆ ಕೂರುತ್ತಾಳೆ. ನಿಂತ ಸಾಲಿನಲ್ಲೇ ಒಬ್ಬೊಬ್ಬರು ಒಂದು ಸಾಲನ್ನು ಮೇಲಿನ ಸ್ವರಕ್ಕೆ ಏರಿಸಬೇಕು. "ಮುಖ ನೋಡಿದರೆ ಕಿವಿ ಮೋಸ ಹೋಗುತ್ತದೆ," ಎನ್ನುವುದು ಅವಳ ವಾದ. ಹೆಸರು ಕರೆಯುವುದಿಲ್ಲ, "ಮುಂದೆ" ಎನ್ನುತ್ತಾಳೆ, ಅಷ್ಟೇ.

ಕೀಬೋರ್ಡು ಅವಳ ತಮ್ಮ ಕ್ಲಾರೆನ್ಸ್ ಕುವೈತಿನಿಂದ ತಂದುಕೊಟ್ಟದ್ದು. ಅದರಲ್ಲಿ ಶ್ರುತಿಯನ್ನು ಒಂದೊಂದೇ ಮನೆ, ಅಂದರೆ ಒಂದೊಂದೇ ಅರ್ಧಸ್ವರ, ಏರಿಸಿ ಇಳಿಸುವ ಗುಂಡಿಗಳಿವೆ. ಗಂಟಲಿಗೆ ತಕ್ಕಂತೆ ಹಾಡನ್ನು ಇಳಿಸಿಕೊಳ್ಳಲು ಎಲ್ಲರೂ ಅದನ್ನೇ ಒತ್ತುತ್ತಾರೆ. ಡುಲ್ಸಿನ್ ಮೊದಲ ದಿನವೇ ಅವುಗಳ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದಳು. "ಶ್ರುತಿ ಹಾಡಿನದ್ದು. ನಿಮ್ಮ ಗಂಟಲಿನದ್ದಲ್ಲ. ಮುಟ್ಟಲಾಗದವರು ಮನೆಗೆ ಹೋಗಬಹುದು."

ಅವಳಿಗೇ ಈಗ ಹಾಡಲು ಆಗುವುದಿಲ್ಲ. ನಲವತ್ತರ ವಯಸ್ಸಿನಲ್ಲಿ ಗಂಟಲಲ್ಲಿ ಗಡ್ಡೆಯೆದ್ದಿತು. ಜೀವ ಉಳಿಯಬೇಕಾದರೆ ಸ್ವರ ಹೋಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು, ಹೋಯಿತು. ಈಗ ಅವಳ ಮಾತು ಮರಳು ಉಜ್ಜಿದಂತೆ. ಇಗರ್ಜಿಯ ಪ್ರಾರ್ಥನೆಯ ವೃಂದದಲ್ಲಿ ಮುಂದೆ ನಿಲ್ಲುತ್ತಿದ್ದವಳು ಹಾಗಾದ್ದರಿಂದಲೇ ಮಕ್ಕಳ ಮೇಲೆ ಹಗೆ ತೀರಿಸಿಕೊಳ್ಳುತ್ತಾಳೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವರ ಇದ್ದಾಗಲೂ ಅವಳು ಒಳ್ಳೆಯವಳಾಗಿರಲಿಲ್ಲ.

ಅಕ್ಷಿತ್ ಆ ವೃಂದಕ್ಕೆ ಸೇರಿದ್ದು ಆರನೆಯ ತರಗತಿಯಲ್ಲಿ. ಹೆಜಮಾಡಿಯ ಹುಡುಗ. ತಂದೆ ಭುಜಂಗ ಮಲ್ಪೆಯ ಬೋಟಿಗೆ ಹೋಗುವವನು, ತಿಂಗಳಲ್ಲಿ ಮನೆಯಲ್ಲಿರುವುದೇ ಕಡಿಮೆ. ತಾಯಿ ಕುಶಲಾ ಕಾಪು ಮಾರ್ಕೆಟಿನಲ್ಲಿ ಮೀನು ಕತ್ತರಿಸಿ ಕೊಡುವವಳು. ಬೆಳಗ್ಗೆ ಬಸ್ಸಿನಲ್ಲಿ ಮಗನನ್ನೂ ಕರೆತಂದು ಶಾಲೆಗೆ ಬಿಡುತ್ತಿದ್ದಳು. ಹುಡುಗನಿಗೆ ಉಗ್ಗು. ತರಗತಿಯಲ್ಲಿ ಅವನ ಹೆಸರು ರಿಪೀಟ್.

ಆಯ್ಕೆಯ ದಿನ ಡುಲ್ಸಿನ್ ಕೇಳಿದಳು, "ಹೆಸರು?"

"ಅ... ಅ... ಅ..."

"ಟೀಚರ್, ಅವ ರಿಪೀಟ್," ಎಂದ ಹಿಂದಿನಿಂದ ಶೆಲ್ಡನ್. ಕೋಣೆ ನಕ್ಕಿತು.

"ನಿನ್ನ ಹೆಸರು ಹೊರಗೆ ಬರುವಾಗ ನಾನು ರಿಟೈರ್ ಆಗಿರ್ತೇನೆ ಮಾರಾಯ. ಹಾಡೂ ಹೀಗೆಯಾ?"

ಹುಡುಗ ಹಾಡಿದ. ಉಗ್ಗುವವರು ಹಾಡುವಾಗ ಉಗ್ಗುವುದಿಲ್ಲ ಎಂಬುದು ತಿಳಿದವರಿಗೆ ತಿಳಿದ ಸಂಗತಿ. ಆ ಕೋಣೆಯ ಮಕ್ಕಳಿಗೆ ತಿಳಿದಿರಲಿಲ್ಲ. ಬೆಳಗಿನ ಪ್ರಾರ್ಥನೆಯ ಪದ್ಯವನ್ನು ಅವನು ಎಲ್ಲಿಯೂ ತಡವರಿಸದೆ ಕೊನೆಯ ಸಾಲಿನವರೆಗೆ ಕೊಂಡುಹೋದ. ಮೇಲಿನ ಸ್ವರ ನೀರಿನಂತೆ ಬಂತು.

"ಮುಂದಿನ ಸಾಲು, ಮೂರನೆಯ ಜಾಗ," ಎಂದಳು ಡುಲ್ಸಿನ್. "ಶೆಲ್ಡನ್, ನಗ್ತಿದ್ದೆಯಲ್ಲ, ನೀನು ಹಿಂದೆ ಹೋಗು. ನಿನ್ನ ಸ್ವರಕ್ಕಿಂತ ಇವನ ಉಗ್ಗು ವಾಸಿ."

ಒಂದೇ ವಾಕ್ಯದಲ್ಲಿ ಇಬ್ಬರನ್ನು ಕುಟುಕುವ ಕಲೆ ಅವಳದು.

ಅಂದಿನಿಂದ ದಿನದ ಕೊನೆಯ ಪಿರಿಯಡ್ಡಿನಲ್ಲಿ ಮಾತ್ರ ಅಕ್ಷಿತನ ಬಾಯಿ ಅವನು ಹೇಳಿದಂತೆ ಕೇಳುತ್ತಿತ್ತು. ನೀರು ಕುಡಿಯಲು ಹೋಗಬೇಕಾದರೂ ಹಾಡಿ ಕೇಳುತ್ತಿದ್ದ. "ನೀರಿಗೂ ರಾಗ ಬೇಕಾ ನಿನಗೆ? ಹೋಗು," ಎನ್ನುತ್ತಿದ್ದಳು. ಮಾತಿನಲ್ಲಿ ಕೇಳಿದರೆ ಕಾಯುತ್ತಿರಲಿಲ್ಲ. ಅವನು "ಟೀ... ಟೀ..." ಎನ್ನುವಾಗಲೇ ವಾಕ್ಯವನ್ನು ತಾನೇ ಮುಗಿಸಿ ಬೇರೆ ಕಡೆ ತಿರುಗುತ್ತಿದ್ದಳು. ಎಷ್ಟೋ ಸಲ ಅವನು ಹೇಳಬೇಕೆಂದಿದ್ದುದು ಬೇರೆಯೇ ಆಗಿರುತ್ತಿತ್ತು. ಆದರೂ ವೃಂದದೊಳಗೆ ಅವನನ್ನು ಯಾರೂ ರಿಪೀಟ್ ಎನ್ನಲಿಲ್ಲ. ರಿಬ್ಬನ್ ಹೋದರೆ ಅವನಿಗೆ ಉಳಿಯುವುದು ಆ ಹೆಸರೊಂದೇ. ಅದು ಅವನಿಗೂ ಗೊತ್ತಿತ್ತು, ಉಳಿದ ಮಕ್ಕಳಿಗೂ ಗೊತ್ತಿತ್ತು.

ಎಂಟನೆಯ ತರಗತಿಯ ಡಿಸೆಂಬರಿನ ಸ್ಪರ್ಧೆಗೆ ಡುಲ್ಸಿನ್ ನದಿಯ ಕುರಿತ ಒಂದು ಹಳೆಯ ಹಾಡನ್ನು ಆರಿಸಿದಳು. ಕೊನೆಯ ಚರಣದಲ್ಲಿ ಎಲ್ಲ ಸ್ವರಗಳೂ ನಿಂತು, ಒಂದೇ ಒಂದು ಕಂಠ ಮೇಲೇರಬೇಕು. ಅದು ಅಕ್ಷಿತನ ಸಾಲು. ಮಗ ಸಭೆಯ ಎದುರು ಒಬ್ಬನೇ ಹಾಡುತ್ತಾನೆಂದು ಕುಶಲಾ ಮಾರ್ಕೆಟಿನಲ್ಲೆಲ್ಲ ಹೇಳಿಕೊಂಡು ಬಂದಳು.

ನವೆಂಬರಿನಲ್ಲಿ ಅವನ ಸ್ವರ ಒಡೆಯಿತು.

ಬೇರೆ ಹುಡುಗನಾಗಿದ್ದರೆ ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಿದ್ದ. ಮೊದಲೇ ಮಾತಾಡದ ಅಕ್ಷಿತನ ಮೌನದಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಗುಂಪಿನಲ್ಲಿ ಬಾಯಿ ಆಡಿಸುತ್ತಿದ್ದ. ಪಕ್ಕದ ನಾಲ್ಕನೆಯ ಜಾಗದ ತನ್ವಿಗೆ ಮಾತ್ರ ಗೊತ್ತಾಯಿತು. ಸೋಮವಾರ ಡುಲ್ಸಿನ್ ಬೆನ್ನು ಹಾಕಿ ಕೂತಾಗ, ಅಕ್ಷಿತನ ಮೂರನೆಯ ಸರದಿಯಲ್ಲಿ ತನ್ವಿ ಹಾಡಿದಳು. ತನ್ನ ನಾಲ್ಕನೆಯ ಸರದಿಯಲ್ಲಿ, ಸ್ವಲ್ಪ ಮೂಗಿನಿಂದ, ಮತ್ತೆ ಹಾಡಿದಳು. ಮಕ್ಕಳೆಲ್ಲ ಅಂಗೈ ಕಚ್ಚಿಕೊಂಡು ನಿಂತರು. ಹಿಂದಿನ ಸಾಲಿನ ಶೆಲ್ಡನ್ ಕೂಡ ಬಾಯಿ ಬಿಡಲಿಲ್ಲ. "ಮುಂದೆ," ಎಂದಳು ಡುಲ್ಸಿನ್. ಮೂರು ಸೋಮವಾರ ಹೀಗೆ ದಾಟಿತು. ಆ ಮಕ್ಕಳು ಅವಳ ಕಿವಿಯನ್ನು ಗೆದ್ದೆವೆಂದುಕೊಂಡರು. ಸಾಲುಗಳೆಲ್ಲ ಗುಂಪಿನಲ್ಲಿ ಅಭ್ಯಾಸವಾಗುತ್ತಿದ್ದವು. ಕೊನೆಯ ಸಾಲನ್ನು ಒಂಟಿಯಾಗಿ ಹಾಡಿಸುವ ಪಾಠವನ್ನು ಅವಳು ಯಾಕೋ ಮುಂದೆ ಹಾಕುತ್ತಲೇ ಬಂದಳು.

ಸ್ಪರ್ಧೆಯ ದಿನ ಉಚ್ಚಾರಣೆಗೆ ಅಂಕ ಕೊಡಲು ನಾನು ಕಾರ್ಕಳಕ್ಕೆ ಹೋಗಿದ್ದೆ. ತೀರ್ಪುಗಾರರಿಗೆ ಚಹಾ ಕೊಡುವ ಜಾಗದ ಪಕ್ಕದಲ್ಲೇ ಮಕ್ಕಳು ಸಿದ್ಧವಾಗುವ ಕೋಣೆ. ಬಾಗಿಲು ತೆರೆದೇ ಇತ್ತು. ಕುಶಲಾ ಬಾಗಿಲಲ್ಲಿ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಾಳೆಹಣ್ಣಿನ ಚೀಲ.

ಡುಲ್ಸಿನ್ ಕುರ್ಚಿಯನ್ನು ಮಕ್ಕಳ ಕಡೆಗೆ ತಿರುಗಿಸಿ ಕೂತಳು.

"ಮೂರು ಸೋಮವಾರ ತನ್ವಿಗೆ ಎರಡು ಗಂಟಲು ಇತ್ತು. ಒಂದು ನೆಗಡಿಯದ್ದು. ಇವತ್ತು ನಾನು ಈಚೆ ಮುಖ ಮಾಡಿ ಕೂತಿದ್ದೇನೆ. ಅಕ್ಷಿತ್, ಕೊನೆಯ ಸಾಲು."

ಎಲ್ಲ ತಿಳಿದೂ ಅವಳು ಇಷ್ಟು ದಿನ ಕಾದಿದ್ದಳು. ಶಾಲೆಯ ಕೋಣೆಯಲ್ಲಿ ಮುಗಿಸಬಹುದಾಗಿದ್ದುದನ್ನು ಪರವೂರಿನಲ್ಲಿ, ತಾಯಿಯ ಎದುರಿಗೆ ಇಟ್ಟುಕೊಂಡಿದ್ದಳು.

ಅಕ್ಷಿತ್ ಹಾಡಿದ. ಸ್ವರ ಅರ್ಧ ದಾರಿಗೆ ಏರಿ ಸೀಳಿತು. ಪಕ್ಕದ ಕೋಣೆಯಲ್ಲಿದ್ದ ಬೇರೆ ಶಾಲೆಯ ಮಕ್ಕಳು ಕಿಸಕ್ಕನೆ ನಕ್ಕರು.

"ಅರಳಿತು," ಎಂದಳು ಡುಲ್ಸಿನ್. "ಅರಳಿದ್ದು ಅಟ್ಟೆಗೆ ಬೇಡ. ರಿಬ್ಬನ್ ಬಿಚ್ಚು. ತನ್ವಿಗೆ ಹಾಕು, ಆ ಸಾಲು ಅವಳು ಹಾಡಲಿ. ಅವಳದ್ದು ಹೇಗೂ ಎರಡು ಗಂಟಲು, ಎರಡು ರಿಬ್ಬನ್ ಇರಲಿ."

"ಟೀ... ಟೀಚರ್, ನಾ... ನಾ..."

"ನಾನು ಹಾಡ್ತೇನೆ ಅಂತ. ಕೇಳಿ ಆಯ್ತು."

ಕುಶಲಾ ಒಳಗೆ ಬಂದಳು. "ಎಂತ ಟೀಚರ್ ಇದು? ಕೆಲಸ ಬಿಟ್ಟು, ಎರಡು ಬಸ್ ಬದಲಾಯಿಸಿ ಬಂದದ್ದು ಇದನ್ನು ನೋಡ್ಲಿಕ್ಕಾ? ಮಗು ಅಲ್ವಾ ಅವ?"

"ಮಗುವಾಗಿದ್ದರೆ ಹಾಡ್ತಿದ್ದ. ಹೊರಗೆ ಕುರ್ಚಿ ಉಂಟು, ಕೂತುಕೊಳ್ಳಿ. ಬಾಳೆಹಣ್ಣು ಆಮೇಲೆ ಕೊಡಿ."

ಅಕ್ಷಿತ್ ಪಿನ್ನು ಬಿಚ್ಚಿ ತನ್ವಿಯ ಎದೆಗೆ ಸಿಕ್ಕಿಸಿದ. ತನ್ವಿ ಅವನನ್ನು ನೋಡದೆ ಗೋಡೆ ನೋಡಿದಳು. ಇಪ್ಪತ್ತು ಮಕ್ಕಳಿಗಿಂತ ಕಡಿಮೆ ಇರಕೂಡದೆಂಬ ನಿಯಮವಿದ್ದುದರಿಂದ ಅವನನ್ನು ಮನೆಗೆ ಕಳಿಸುವಂತಿರಲಿಲ್ಲ. "ಹಿಂದಿನ ಸಾಲಿನಲ್ಲಿ ನಿಲ್ಲು. ಬಾಯಿ ಮುಚ್ಚಿ," ಎಂದಳು.

ವೇದಿಕೆಯಲ್ಲಿ ಡುಲ್ಸಿನ್ ಯಥಾಪ್ರಕಾರ ಮಕ್ಕಳಿಗೆ ಬೆನ್ನು ಹಾಕಿ, ಸಭೆಗೆ ಪಕ್ಕವಾಗಿ ಕೂತಳು. ಹಾಡು ಚೆನ್ನಾಗಿಯೇ ನಡೆಯಿತು. ಉಚ್ಚಾರಣೆಯಲ್ಲಿ ನನಗೆ ತಪ್ಪು ಸಿಗಲಿಲ್ಲ. ಕೊನೆಯ ಚರಣ ಬಂತು. ಸ್ವರಗಳು ಒಂದೊಂದಾಗಿ ನಿಂತವು. ತನ್ವಿ ಒಂದು ಹೆಜ್ಜೆ ಮುಂದೆ ಬಂದಳು. ತುಟಿ ಬಿಗಿಹಿಡಿದು ನಿಂತಳು.

ಮರೆತಳೆಂದು ಸಭೆ ಅಂದುಕೊಂಡಿತು. ಡುಲ್ಸಿನ್ ಆ ಸಾಲಿಗೆ ಮುಂಚಿನ ಸ್ವರಗಳನ್ನು ಮತ್ತೊಮ್ಮೆ ನುಡಿಸಿದಳು. ತನ್ವಿ ಹಾಡಲಿಲ್ಲ. ಎರಡು ರಿಬ್ಬನ್ ಹಾಕಿಕೊಂಡು, ಗಲ್ಲ ಎತ್ತಿ, ಎದುರಿನ ಗೋಡೆ ನೋಡುತ್ತಾ ನಿಂತಳು. ಅವಳ ಹಿಂದೆ ಒಂದು ಮಗುವೂ ಅವಳಿಗೆ ಸಾಲು ಪಿಸುಗುಟ್ಟಲಿಲ್ಲ.

ಡುಲ್ಸಿನ್ ಬಲಗೈಯಿಂದ ಅವೇ ಸ್ವರಗಳನ್ನು ನುಡಿಸುತ್ತಲೇ ಇದ್ದಳು. ಎಡಗೈಯನ್ನು ಕೀಬೋರ್ಡಿನ ಮೂಲೆಗೆ ಒಯ್ದಳು. ಪ್ಲಾಸ್ಟರು ಹಳೆಯದು, ಗಟ್ಟಿಯಾಗಿ ಹಿಡಿದಿತ್ತು. ಉಗುರು ಹಾಕಿ ಕೆರೆದು ಕಿತ್ತಳು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಶ್ರುತಿ ಮೆಟ್ಟಿಲಿಳಿದಂತೆ ಇಳಿಯುತ್ತಾ ಹೋಯಿತು. ನನ್ನ ಪಕ್ಕದ ತೀರ್ಪುಗಾರ ಬ್ಯಾಪ್ಟಿಸ್ಟ್ ಮಾಸ್ಟರು, "ಇದೆಂತ ಮಾಡ್ತಾಳೆ ಇವಳು?" ಎಂದರು. ಅವಳು ಸ್ಟೂಲಿನ ಮೇಲೆ ಪೂರ್ತಿ ತಿರುಗಿ ಹಿಂದಿನ ಸಾಲನ್ನು ನೋಡಿದಳು. ನೋಡಿದಳು ಅಷ್ಟೇ, ಕೈ ಬೀಸಲಿಲ್ಲ, ಮುಗುಳ್ನಗಲಿಲ್ಲ.

ಅಕ್ಷಿತ್ ಹಾಡಿದ. ಹೊಸ ಸ್ವರ, ಒರಟು, ಅಂಚು ಸವೆಯದ್ದು. ಇಳಿದ ಶ್ರುತಿಗೆ ಅದು ಹೇಗೋ ಮುಟ್ಟಿತು. ಒಂದು ಕಡೆ ಅಲುಗಿತು, ಒಡೆಯಲಿಲ್ಲ. ಕೊನೆಗೆ ಎಲ್ಲರೂ ಕೂಡಿ ಹಾಡಬೇಕಾದ ಸಾಲಿನಲ್ಲಿ ಉಳಿದ ಮಕ್ಕಳ ಕೆಳಸ್ವರ ಆ ಶ್ರುತಿಯಲ್ಲಿ ಹೂತುಹೋಯಿತು. ಹಾಡು ಕೆಟ್ಟು ಮುಗಿಯಿತು. ಹಾಡಿನ ನಡುವೆ ಶ್ರುತಿ ಬದಲಿಸುವುದು ನಿಯಮಕ್ಕೆ ವಿರುದ್ಧ. ಬ್ಯಾಪ್ಟಿಸ್ಟ್ ಮಾಸ್ಟರು ಅಂಕ ಕಳೆದರು, ಕಳೆಯಬೇಕಾದದ್ದೇ. ಶಾಲೆ ಕೊನೆಯ ಸ್ಥಾನಕ್ಕೆ ಬಂತು.

ಹೊರಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಡುಲ್ಸಿನಳನ್ನು ನಿಲ್ಲಿಸಿ, ಅದೇನು ಮಾಡಿದೆ ಎಂದು ಕೇಳಿದೆ.

"ಬೆರಳು ಜಾರಿತು ಮೇಡಂ," ಎಂದಳು. ಅವಳ ಎಡಗೈಯ ಉಗುರಿನಡಿ ಪ್ಲಾಸ್ಟರಿನ ಅಂಟು ಇನ್ನೂ ಕಪ್ಪಾಗಿ ಕೂತಿತ್ತು.

ಕುಶಲಾ ಕೈಮುಗಿದು ಬಂದಳು. ಡುಲ್ಸಿನ್ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. "ನಿಮ್ಮ ಮಗನಿಂದ ಕಪ್ ಹೋಯಿತು. ಸೋಮವಾರದಿಂದ ಅವನಿಗೆ ಬೆಂಚ್ ಹೊರುವ ಕೆಲಸ. ತನ್ವಿಗೂ." ಕುಶಲಾ ಮುಗಿದ ಕೈ ಇಳಿಸಿದಳು.

ಅಷ್ಟರಲ್ಲಿ ಅಕ್ಷಿತ್ ಕೀಬೋರ್ಡಿನ ಸ್ಟ್ಯಾಂಡ್ ಎತ್ತಿಕೊಳ್ಳಲು ಬಂದ. ಬಂದವನು ಅವಳೆದುರು ನಿಂತ.

"ಟೀ... ಟೀ..."

ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಒಳಗಿನಿಂದ ಯಾರೋ ಕರೆದರು. ಡುಲ್ಸಿನ್ ಹೆಗಲ ಮೇಲೆ ಕೀಬೋರ್ಡಿನ ಭಾರ ಹೊತ್ತು ನಿಂತಿದ್ದಳು. ಹುಡುಗನ ಗಲ್ಲ ನಡುಗಿತು, ಕಣ್ಣು ಮುಚ್ಚಿತು, ಶಬ್ದ ಹೊರಗೆ ಬರುವ ಹೊತ್ತಿಗೆ ಮತ್ತೆ ಒಳಗೆ ಹೋಯಿತು. ಅವಳು ಅವನ ವಾಕ್ಯವನ್ನು ಮುಗಿಸಲಿಲ್ಲ. ಬೇರೆ ಕಡೆ ತಿರುಗಲಿಲ್ಲ. ಡ್ರೈವರ್ ಕೆಳಗಿಳಿದು ಬಂದಾಗ ಬೆರಳೆತ್ತಿ ಅವನನ್ನು ಅಲ್ಲೇ ತಡೆದಳು.

"ಟೀಚರ್, ಇ... ಇನ್ನೂ ಒಂದು ಮ... ಮ... ಮನೆ ಇಳಿಸಬಹುದಿತ್ತು," ಎಂದ ಅಕ್ಷಿತ್.

"ಕತ್ತೆ," ಎಂದಳು ಡುಲ್ಸಿನ್, ಅವನು ಪೂರ್ತಿ ಹೇಳಿ ಮುಗಿಸಿದ ಮೇಲೆ. "ಸ್ಟ್ಯಾಂಡ್ ಎತ್ತು."