ವೃತ್ತದ ಕಾಡುಹಂದಿ

ಊರಿನವರು ಅವಳನ್ನು ಕಿಡಿಯಕ್ಕ ಎನ್ನುತ್ತಿದ್ದರು. ಅಪ್ಪನ ಕುಲುಮೆಯನ್ನೇ ವೆಲ್ಡಿಂಗ್ ಶೆಡ್ ಮಾಡಿಕೊಂಡು, ಗೇಟು, ಟ್ರೈಲರ್, ಮುರಿದ ನೇಗಿಲು, ಏನು ಬಂದರೂ ಬೆಸೆದು ಕೊಡುತ್ತಿದ್ದಳು. ಮಾತು ಕಡಿಮೆ, ಆಡಿದರೆ ಸುತ್ತಿಗೆ ಏಟು.

ಊರ ಮುಂದಿನ ವೃತ್ತಕ್ಕೆ ಈ ಸೀಮೆಯ ಪ್ರಾಣಿಯನ್ನೂ ಬೇಸಾಯವನ್ನೂ ನೆನಪಿಸುವ ಶಿಲ್ಪವೊಂದು ಬೇಕೆಂದು ಪುರಸಭೆ ಅವಳನ್ನು ಕೇಳಿತು. ಎಲ್ಲರೂ ಕೊಕ್ಕರೆಯನ್ನೋ ಎತ್ತನ್ನೋ ನಿರೀಕ್ಷಿಸಿದ್ದರು. ಅವಳು ಸವೆದ ನೇಗಿಲ ಗುಳಗಳನ್ನು ಗುಜರಿಯಿಂದ ಆರಿಸಿ ತಂದು ಕಾಡುಹಂದಿ ಮಾಡಲು ಕೂತಳು. ನೇಗಿಲಿಗಿಂತ ಮುಂಚೆ ಈ ನೆಲ ಉತ್ತದ್ದು ಹಂದಿಯೇ ಎಂಬುದು ಅವಳ ಲೆಕ್ಕ.

ಸುದ್ದಿ ಅಣ್ಣನ ಕಿವಿಗೆ ಬಿತ್ತು. ಅವನದು ಕಾಡಂಚಿನ ಗೆಣಸಿನ ಹೊಲ. ಹಿಂದಿನ ವರ್ಷ ಹಂದಿಗಳು ಹೊಲವನ್ನೆಲ್ಲ ಬಗೆದು ಹಾಕಿದ್ದವು. ಓಡಿಸಲು ಹೋದವನ ತೊಡೆಗೆ ಕೋರೆ ತಗುಲಿ, ಈಗಲೂ ಕುಂಟುತ್ತಿದ್ದ.

"ನನ್ನ ಕಾಲು ಸೀಳಿದ್ದಕ್ಕೆ ಅದಕ್ಕೆ ಸನ್ಮಾನಾನಾ?" ಎಂದ ಶೆಡ್ಡಿನ ಬಾಗಿಲಲ್ಲೇ ನಿಂತು.

"ಸನ್ಮಾನ ಅಲ್ಲಣ್ಣ. ನಮ್ಮ ನೆಲದಲ್ಲಿ ಇರೋದನ್ನ ಮಾಡ್ತಿದೀನಿ."

"ಬೇರೆ ಪ್ರಾಣಿಗೆ ಬರ ಬಂದಿತ್ತಾ?"

ಅವಳು ಮುಖಕ್ಕೆ ಕವಚ ಇಳಿಸಿಕೊಂಡು ಮತ್ತೆ ಬೆಸೆಯತೊಡಗಿದಳು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅತ್ತಿಗೆ ಮಾತ್ರ ಆಗಾಗ ಬಂದು, "ಅಣ್ಣತಂಗಿ ಇಬ್ಬರದೂ ಒಂದೇ ಎರಕ. ಬಗ್ಗೋದಿಲ್ಲ, ಮುರಿಯೋದೇ," ಎಂದು ಗೊಣಗಿ ಹೋಗುತ್ತಿದ್ದಳು.

ಹಂದಿ ವೃತ್ತದಲ್ಲಿ ನಿಂತಿತು. ಕೆಲವು ರೈತರು ಅದನ್ನು ಕೀಳಿಸಿ ಎಂದು ಪಟ್ಟು ಹಿಡಿದರು. ಪುರಸಭೆಯ ಅಧ್ಯಕ್ಷರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಊರವರನ್ನೆಲ್ಲ ವೃತ್ತದ ಬಳಿಗೇ ಕರೆಸಿದರು. ಗುಂಪಿನಲ್ಲಿ ಅಣ್ಣನೂ ಇದ್ದ. ಪೆಟ್ಟು ತಿಂದವನು ಅವನಾದ್ದರಿಂದ ಎಲ್ಲರೂ ಅವನ ಮಾತಿಗೆ ಕಾದರು. ಅವನು ಕುಂಟುತ್ತ ಹಂದಿಯ ಸುತ್ತ ಬಂದ, ಗುಳಗಳ ಬೆನ್ನು ತಡವಿದ.

"ಬಾಲ ತಪ್ಪಾಗಿದೆ," ಎಂದ. "ನುಗ್ಗಿ ಬರುವಾಗ ಬಾಲ ನೆಟ್ಟಗೆ ನಿಲ್ಲುತ್ತೆ. ಇದು ಬೈಸಿಕೊಂಡ ನಾಯಿ ಥರ ಇದೆ."

ಯಾರೋ ನಕ್ಕರು. ಆಮೇಲೆ ಹಲವರು.

"ಹಾಗಾದ್ರೆ ಕೀಳಿಸೋದಾ, ಬೇಡ್ವಾ?" ಅಧ್ಯಕ್ಷರು ಕೇಳಿದರು.

"ಮೊದಲು ಬಾಲ ಸರಿಮಾಡ್ಲಿ. ನನ್ನನ್ನ ಕೆಡವಿದ್ದು ಇಂಥ ಬಡಪಾಯಿ ಹಂದಿ ಅಂದ್ಕೊಂಡ್ರೆ ಮರ್ಯಾದೆ ಹೋಗೋದು ನಂದು."

ಕೀಳಿಸುವ ಮಾತು ಅಲ್ಲಿಗೆ ನಿಂತಿತು. ಮಧ್ಯಾಹ್ನ ಅವಳು ವೆಲ್ಡಿಂಗ್ ಯಂತ್ರ ತಂದು ಬಾಲ ಕತ್ತರಿಸಿದಳು. ಮತ್ತೆ ಬೆಸೆಯಲು ಅದನ್ನು ಇಕ್ಕಳದಲ್ಲಿ ನೆಟ್ಟಗೆ ಹಿಡಿದವನು ಅಣ್ಣ.

"ಕಣ್ಣು ಆ ಕಡೆ ಮಾಡಣ್ಣ," ಎಂದಳು.

ಅವನು ಮಾಡಿದ. ಕೆಲವು ರೈತರು ಇಂದಿಗೂ ಆ ಹಂದಿಯನ್ನು ಬೈದೇ ಮುಂದೆ ಹೋಗುತ್ತಾರೆ. ಅಣ್ಣನೂ ಬೈಯುತ್ತಾನೆ, ಬೇರೆಯವರು ಬೈದರೆ ಮಾತ್ರ ಸುಮ್ಮನಿರುವುದಿಲ್ಲ.